ಹೊಂಬುಜದ ಚಟ್ಟಲದೇವಿ: ಮಲೆನಾಡಿನ ಮೂರು ತಾಲ್ಲೂಕುಗಳ ಭಕ್ತಿ ಕುರಿತು ಒಂದು ಟಿಪ್ಪಣಿ

ಲೋಕದ ಸಿರಿಯಲ್ಲಿ ಸಿಗದ ತೃಪ್ತಿಯನ್ನು ದೇವರ ಪ್ರೀತಿಯಲ್ಲಿ ಕಂಡವರು ಯಾರೆಂದು ಮಲೆನಾಡಿನಲ್ಲಿ ಕೇಳಿದರೆ ಮೊದಲು ಬರುವ ಹೆಸರು ಉಡುತಡಿಯ ಅಕ್ಕಮಹಾದೇವಿಯದು. ಅಕ್ಕನ ಊರು ಶಿಕಾರಿಪುರ ತಾಲ್ಲೂಕಿಗೆ ಸೇರಿದ್ದು. ಆಕೆಯ ಬಗ್ಗೆ ಬರಹಗಳೂ ಹೇರಳವಾಗಿವೆ. ಪಕ್ಕದ ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಇದೇ ಪ್ರಶ್ನೆಯಿಟ್ಟು ದಾಖಲೆಗಳನ್ನು ಓದಿದರೆ ಭಕ್ತಿಯ ಇನ್ನೊಂದು ಬಗೆ ಕಾಣುತ್ತದೆ. ದೇವರಲ್ಲಿ ಮನಸ್ಸು ನೆಟ್ಟ ಇಲ್ಲಿಯ ಹಲವರು ಐಶ್ವರ್ಯವನ್ನು ಹಳಿಯುತ್ತ ಕೂರಲಿಲ್ಲ. ಅದು ತಮ್ಮದೆಂಬ ಹಟವನ್ನು ಬಿಟ್ಟರು, ಇದ್ದುದನ್ನು ಊರಿಗೆ ಕೊಟ್ಟರು. ಹೊಂಬುಜದ ಪಂಚಕೂಟ ಬಸದಿಯ 1077ರ ಶಾಸನ ಇದಕ್ಕೆ ಅತ್ಯಂತ ಗಟ್ಟಿಯಾದ ಸಾಕ್ಷಿಯೆಂಬುದು ನನ್ನ ಅಭಿಪ್ರಾಯ.

ಹೊಂಬುಜ ಅಥವಾ ಹುಂಚ ಇಂದಿನ ಹೊಸನಗರ ತಾಲ್ಲೂಕಿನಲ್ಲಿದೆ. ಸಾಂತರರ ರಾಜಧಾನಿಯಾಗಿದ್ದ ಊರು. ಆ ಶಾಸನದ ಚಟ್ಟಲದೇವಿ ಗಂಗ ಮನೆತನದ ಹೆಣ್ಣುಮಗಳು, ತೊಂಡೆನಾಡಿನ ಕಾಡುವೆಟ್ಟಿ ಅರಸನ ರಾಣಿ. ಅವಳ ತಂಗಿಯನ್ನು ಸಾಂತರ ಅರಸ ವೀರಸಾಂತರನಿಗೆ ಕೊಟ್ಟಿತ್ತು. ತಂದೆತಾಯಿ, ಗಂಡ, ತಂಗಿ ಎಲ್ಲರನ್ನೂ ಕಳೆದುಕೊಂಡ ಚಟ್ಟಲದೇವಿ, ತಂಗಿಯ ನಾಲ್ವರು ಗಂಡುಮಕ್ಕಳಾದ ತೈಲ, ಗೊಗ್ಗಿ, ಒಡ್ಡಿಗ, ಬರ್ಮರನ್ನು ತನ್ನ ಹೊಟ್ಟೆಯಲ್ಲಿ ಹುಟ್ಟಿದವರಂತೆ ಸಾಕಿದಳು. ಅಗಲಿದ ತನ್ನವರ ಪುಣ್ಯಾರ್ಥವಾಗಿ ಐದು ಗರ್ಭಗೃಹಗಳ ಬಸದಿಯನ್ನು ಕಟ್ಟಿಸಿದಳು. ಶಾಸನ ಅದನ್ನು ಉರ್ವೀತಿಲಕವೆಂದು ಕರೆದಿದೆ. ಅವಳ ಗುರು ಶ್ರೀವಿಜಯ, ಒಡೆಯದೇವರೆಂದೂ ಹೆಸರಾದವರು.

ಬಸದಿ ಕಟ್ಟಿಸಿದ ರಾಣಿಯರು ಕರ್ನಾಟಕದಲ್ಲಿ ಅನೇಕರಿದ್ದಾರೆ. ಚಟ್ಟಲದೇವಿಯ ವಿಶೇಷ ಕಾಣುವುದು ಶಾಸನ ಮುಂದೆ ಕೊಡುವ ಪಟ್ಟಿಯಲ್ಲಿ. ಕೆರೆ, ಬಾವಿ, ಅರವಟ್ಟಿಗೆ, ಸ್ನಾನಘಟ್ಟ, ಸತ್ರ, ತೋಪು: ಇವೆಲ್ಲ ಅವಳ ಕೊಡುಗೆಗಳು. ಜೊತೆಗೆ ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಜೈನರ ನಾಲ್ಕು ದಾನಗಳು. ಅರವಟ್ಟಿಗೆಯಲ್ಲಿ ನೀರು ಕುಡಿಯುವ ದಾರಿಹೋಕನಿಗೆ ಕಟ್ಟಿಸಿದವಳ ಹೆಸರೂ ಗೊತ್ತಿರುವುದಿಲ್ಲ. ತನ್ನವರೆನ್ನುವವರು ಬಹುಪಾಲು ಇಲ್ಲವಾದ ಮೇಲೆ ಅರಮನೆಯ ಹೆಣ್ಣೊಬ್ಬಳು ಗುರುತು ಪರಿಚಯವಿಲ್ಲದವರ ಬಾಯಾರಿಕೆಯನ್ನು ನೆನೆದಳೆಂಬುದು ನನಗೆ ಬಸದಿಯ ಕಲ್ಲುಕೆಲಸಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ.

ದೇವರ ಪ್ರೀತಿ ಎಂಬ ಮಾತನ್ನು ಇಲ್ಲಿ ಎಚ್ಚರದಿಂದ ಬಳಸಬೇಕು. ಜಿನ ಒಲಿದು ವರ ಕೊಡುವವನಲ್ಲ, ಮುನಿದು ಶಪಿಸುವವನೂ ಅಲ್ಲ. ಅವನಲ್ಲಿ ಇಡುವ ಭಕ್ತಿಗೆ ಪ್ರತಿಫಲದ ನಿರೀಕ್ಷೆ ಸಲ್ಲದು. ಬೇಡಿದ್ದನ್ನು ಕೊಡುವವಳು ಯಕ್ಷಿ ಪದ್ಮಾವತಿ. ಲಕ್ಕಿ ಮರದಡಿ ಆಕೆ ಸಾಂತರರ ಮೂಲಪುರುಷ ಜಿನದತ್ತನಿಗೆ ಒಲಿದದ್ದು, ಆಕೆಯ ಮೂರ್ತಿಗೆ ತಾಗಿಸಿದ ಕಬ್ಬಿಣ ಹೊನ್ನಾದದ್ದು ಈ ಊರಿನ ಹುಟ್ಟಿನ ಕಥೆ. ಇಂದಿಗೂ ದೇವಿಯ ಬಲಗಡೆಯಿಂದ ಹೂವಿನ ಪ್ರಸಾದವಾದರೆ ನೆನೆದ ಕೆಲಸ ಕೈಗೂಡುತ್ತದೆಂದು ಭಕ್ತರು ಕಾದು ನಿಲ್ಲುತ್ತಾರೆ. ಆ ನಂಬಿಕೆಯನ್ನು ಕಿರಿದು ಮಾಡುವುದು ನನ್ನ ಉದ್ದೇಶವಲ್ಲ. ಕಷ್ಟದಲ್ಲಿರುವವರು ಬೇಡಿಕೊಳ್ಳುವುದು ಸಹಜ. ಆದರೆ ಕಬ್ಬಿಣ ಚಿನ್ನವಾದ ಕಥೆಯ ಊರಿನಲ್ಲೇ, ಚಿನ್ನವನ್ನು ನೀರು ನೆರಳುಗಳಾಗಿಸಿದ ಹೆಂಗಸಿನ ಶಾಸನವೂ ಇದೆ. ಮೊದಲನೆಯದನ್ನು ಎಲ್ಲರೂ ಬಲ್ಲರು, ಎರಡನೆಯದನ್ನು ಬಲ್ಲವರು ಕಡಿಮೆ.

ಶಾಸನವೆಂದರೆ ಹೊಗಳಿಕೆಯ ಕಾವ್ಯ, ಅದನ್ನು ನಂಬುವುದು ಹೇಗೆ ಎಂದು ಕೇಳಬಹುದು. ವಿಶೇಷಣಗಳನ್ನು ಬದಿಗಿಟ್ಟರೂ ಬಸದಿ ಉಳಿಯುತ್ತದೆ, ಕಾಲದ ಉಲ್ಲೇಖ ಉಳಿಯುತ್ತದೆ, ದಾನದ ವಿವರ ಉಳಿಯುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಇದು ಅವಳ ಕಾಲದಲ್ಲೇ ಕೆತ್ತಿದ್ದು.

ಸಾಗರ ತಾಲ್ಲೂಕಿನ ದೊಡ್ಡ ಸಂಕಣ್ಣ ನಾಯಕನ ವಿಷಯದಲ್ಲಿ ಈ ಅನುಕೂಲವಿಲ್ಲ. ಕೆಳದಿಯ ಸದಾಶಿವ ನಾಯಕನ ತರುವಾಯ 16ನೆಯ ಶತಮಾನದ ಉತ್ತರಾರ್ಧದಲ್ಲಿ ಪಟ್ಟಕ್ಕೆ ಬಂದ ಇವನು ಕೆಲವೇ ವರ್ಷ ಆಳಿ, ತಮ್ಮ ಚಿಕ್ಕ ಸಂಕಣ್ಣನಿಗೆ ರಾಜ್ಯವನ್ನೊಪ್ಪಿಸಿ ತೀರ್ಥಯಾತ್ರೆಗೆ ಹೊರಟುಹೋದ. ಇವನ ಕಥೆ ಹೇಳುವ ಕೃತಿಗಳು ಬಹಳ ತಡವಾಗಿ ಬಂದವು: ಬಸವಪ್ಪ ನಾಯಕನ ‘ಶಿವತತ್ತ್ವರತ್ನಾಕರ’ 1709ರದು. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ ಅದಕ್ಕೂ ಈಚಿನದು. ಯಾತ್ರೆಯ ಸಾಹಸಗಳನ್ನು, ಅದರಲ್ಲೂ ದೆಹಲಿಯಲ್ಲಿ ಅಂಕುಶಖಾನನೊಡನೆ ನಡೆದ ಕತ್ತಿಕಾಳಗವನ್ನು, ವಂಶದ ಹೆಮ್ಮೆಯ ಕಥೆಯಾಗಿ ಓದಬೇಕು. ಪಟ್ಟ ಬಿಟ್ಟ ಸಂಗತಿಯನ್ನು ಮಾತ್ರ ಅನುಮಾನಿಸಲು ನನಗೆ ಕಾರಣ ಕಾಣುವುದಿಲ್ಲ.

ಇದೇ ಸಾಗರ ತಾಲ್ಲೂಕಿನ ಇಕ್ಕೇರಿಯ ಅಘೋರೇಶ್ವರ ದೇವಾಲಯದ ನೆಲದಲ್ಲಿ, ಗರ್ಭಗುಡಿಗೆ ಎದುರಾಗಿ, ನಮಸ್ಕರಿಸುತ್ತಿರುವ ಕೆಳದಿ ನಾಯಕರ ಆಕೃತಿಗಳಿವೆ. ಒಂದೊಂದರ ಮೇಲೂ ಹೆಸರು ಕೆತ್ತಿದೆ. ಅರಸು ತನ್ನ ರೂಪವನ್ನು ಕಂಬದ ಮೇಲೆ ನಿಲ್ಲಿಸದೆ ಭಕ್ತರು ಓಡಾಡುವ ನೆಲಕ್ಕೆ ಇಳಿಸಿದ್ದಾನೆ. ಇದೇ ದೇವಾಲಯದ ಕಂಬಗಳ ನಡುವಿನ ಅಂತರ, ಸುಮಾರು 18 ಅಡಿ 6 ಅಂಗುಲ, ಅಡಿಕೆ ತೋಟಗಳನ್ನು ಅಳೆಯುವ ಪ್ರಮಾಣವಾಗಿತ್ತು. ತೋಟದ ಲೆಕ್ಕಕ್ಕೆ ದೇವರ ಮನೆಯೇ ಆಧಾರವಾದ ಸೀಮೆಯಲ್ಲಿ ಲೋಕ ಬೇರೆ, ದೇವರು ಬೇರೆ ಎಂಬ ಗೆರೆ ಅಷ್ಟು ಸುಲಭವಾಗಿ ಎಳೆಯಲು ಬರುವುದಿಲ್ಲ.

ಈ ಸಾಲಿಗೆ ನಮ್ಮ ಹಿಂದಿನ ತಲೆಮಾರು ಕಂಡ ಇಬ್ಬರನ್ನು ಸೇರಿಸಬಹುದು. 1908ರಲ್ಲಿ ಹುಟ್ಟಿದ ಶ್ರೀಧರ ಸ್ವಾಮಿಗಳು ಪುಣೆಯ ಓದನ್ನು ಬಿಟ್ಟು ಸಮರ್ಥ ರಾಮದಾಸರ ಸಜ್ಜನಗಡ ಸೇರಿದರು, 1942ರಲ್ಲಿ ಶೀಗೇಹಳ್ಳಿಯಲ್ಲಿ ಸನ್ಯಾಸ ಪಡೆದರು, ಕೊನೆಯ ವರ್ಷಗಳನ್ನು ಸಾಗರದ ವರದಹಳ್ಳಿಯಲ್ಲಿ ಬಹುಪಾಲು ಏಕಾಂತದಲ್ಲಿ ಕಳೆದು 1973ರ ಏಪ್ರಿಲ್ 19ರಂದು ದೇಹ ಬಿಟ್ಟರು. ಏಕಾಂತವಾಸಿಯ ಆ ಆಶ್ರಮದಲ್ಲಿ ಬಂದವರಿಗೆಲ್ಲ ಇಂದು ಊಟವಿದೆ. ತೀರ್ಥಹಳ್ಳಿಯ ಕುಪ್ಪಳಿಯ ಕುವೆಂಪು ಮೈಸೂರಿನ ರಾಮಕೃಷ್ಣಾಶ್ರಮದಲ್ಲಿ ವರ್ಷಗಟ್ಟಲೆ ವಾಸವಿದ್ದವರು, ಬೇಲೂರು ಮಠದಲ್ಲಿ ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದವರು. ಅವರು 1937ರಲ್ಲಿ ಮದುವೆಯಾಗಿ ಸಂಸಾರ ಹೂಡಿದರು. ದೀಕ್ಷೆಗೆ ಸಂಸಾರ ಅಡ್ಡಿಯೆಂದು ಅವರಿಗೆ ತೋರಲಿಲ್ಲ.

ಇವರೆಲ್ಲರ ಮತ ಒಂದೇ ಅಲ್ಲ, ದೇವರ ಕಲ್ಪನೆಯೂ ಒಂದೇ ಅಲ್ಲ. ಒಂದೇ ಪರಂಪರೆಯ ಕೊಂಡಿಗಳೆಂದು ಇವರನ್ನು ಪೋಣಿಸುವುದು ತಪ್ಪಾದೀತು. ಆದರೂ ದೇವರಲ್ಲಿ ನೆಮ್ಮದಿ ಕಂಡವರು ಲೋಕಕ್ಕೆ ಬೆನ್ನು ತಿರುಗಿಸುತ್ತಾರೆಂಬ ಸಾಮಾನ್ಯ ಮಾತನ್ನು ಈ ಮೂರು ತಾಲ್ಲೂಕುಗಳ ಸಾಕ್ಷ್ಯ ಬೆಂಬಲಿಸುವುದಿಲ್ಲ.

ಚಟ್ಟಲದೇವಿಯ ಶಾಸನ 1904ರಲ್ಲಿ ಬಿ. ಎಲ್. ರೈಸ್ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 8ನೆಯ ಸಂಪುಟದಲ್ಲಿ ಅಚ್ಚಾಗಿದೆ, ಆಗ ಈ ತಾಲ್ಲೂಕಿನ ಹೆಸರು ನಗರ. ಅದರ ಪೂರ್ಣ ಪಾಠ ಸರಳ ಕನ್ನಡದ ತಾತ್ಪರ್ಯದೊಂದಿಗೆ ಈ ಭಾಗದ ಶಾಲೆ ಕಾಲೇಜುಗಳಿಗೆ ತಲುಪಬೇಕು. ಹೊಂಬುಜಕ್ಕೆ ಹೋಗುವವರು ಪದ್ಮಾವತಿಯ ದರ್ಶನ ಮುಗಿಸಿ ಹಾಗೆಯೇ ಹಿಂದಿರುಗದೆ, ಪಂಚಕೂಟ ಬಸದಿಗೂ ನಡೆದು ಹೋಗಿ ಆ ಕಲ್ಲಿನ ಮುಂದೆ ಒಂದಿಷ್ಟು ಹೊತ್ತು ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ.