ಪಾಟಿಯ ಭಾರ, ಕೈಯ ಬಳಲಿಕೆ

ಬೆಳಗಾವಿಯಿಂದ ಚೋರ್ಲಾ ಘಾಟಿನ ಮೂಲಕ ಗೋವೆಗೆ ಹೋಗುವವರಿಗೆ ಜಾಂಬೋಟಿ ಪರಿಚಿತ ಊರು. ಖಾನಾಪುರ ತಾಲ್ಲೂಕಿನ ಕಾಡಂಚಿನ ಈ ಊರಿನಿಂದ ಇನ್ನೂ ಪಶ್ಚಿಮಕ್ಕೆ ಸಾಗಿದರೆ ಮಲಪ್ರಭೆ ಹುಟ್ಟುವ ಕಣಕುಂಬಿ ಸಿಗುತ್ತದೆ. ಕನ್ನಡ, ಮರಾಠಿ ಎರಡೂ ಕಿವಿಗೆ ಬೀಳುವ ಈ ಸೀಮೆಯಲ್ಲಿ ಎರಡೂ ಭಾಷೆಯವರು ಹಂಚಿಕೊಂಡ ಮಾತುಗಳಲ್ಲಿ ಒಂದು ‘ಪಾಟಿ’. ಮಕ್ಕಳು ಬರೆದು ಅಳಿಸುವ ಕರಿಯ ಹಲಗೆಗೆ, ಅಂದರೆ ಸ್ಲೇಟಿಗೆ, ಇಲ್ಲಿಯ ಹೆಸರು ಅದೇ. ಶಾಲೆಯ ಚೀಲಕ್ಕೆ ಉತ್ತರ ಕರ್ನಾಟಕದಲ್ಲಿ ‘ಪಾಟಿಚೀಲ’ ಎನ್ನುವುದು ರೂಢಿ. ಚೀಲದಲ್ಲಿ ಪಾಟಿ ಇಲ್ಲವಾದ ಮೇಲೂ ಆ ಹೆಸರು ಉಳಿದುಕೊಂಡಿದೆ.

ಈಗ ಮತ್ತೊಂದು ಬಗೆಯ ಪಾಟಿ ಮನೆಮನೆಗೆ ಬಂದಿದೆ. ಗಾಜಿನ ಮೈಯ, ವಿದ್ಯುತ್ತಿನಿಂದ ಬೆಳಗುವ ಆ ಪಾಟಿಗೆ ಟ್ಯಾಬ್ಲೆಟ್ ಎಂದು ಹೆಸರು. ಪುಸ್ತಕ, ಪಾಠ, ಸಿನಿಮಾ, ಆಟ ಎಲ್ಲವೂ ಅದರಲ್ಲಿವೆ. ಅದರೊಂದಿಗೆ ಒಂದು ದೂರೂ ಬಂದಿದೆ: ಅರ್ಧ ಗಂಟೆ ಹಿಡಿದರೆ ಮಣಿಕಟ್ಟು ಸೋಲುತ್ತದೆ, ಹೆಬ್ಬೆರಳು ನೋಯುತ್ತದೆ, ಕತ್ತು ಬಿಗಿಯುತ್ತದೆ. ತಯಾರಕರು ಇದನ್ನು ತೂಕದ ಸಮಸ್ಯೆಯೆಂದೇ ತಿಳಿದು ವರ್ಷದಿಂದ ವರ್ಷಕ್ಕೆ ಗ್ರಾಂ ಲೆಕ್ಕದಲ್ಲಿ ಅದನ್ನು ಹಗುರ ಮಾಡುತ್ತ ಬಂದರು. ಆದರೂ ದೂರು ನಿಂತಿಲ್ಲ. ಹಾಗಾದರೆ ಹಿಂದಿನ ಮಕ್ಕಳು ಹಿಡಿದ ಕಲ್ಲಿನ ಪಾಟಿ ಇದಕ್ಕಿಂತ ಹಗುರವಾಗಿತ್ತೇ?

ಲೆಕ್ಕ ಹಾಕಿ ನೋಡಬಹುದು. ಪದರಪದರವಾಗಿ ಸೀಳುವ ಸ್ಲೇಟು ಕಲ್ಲು ನೀರಿಗಿಂತ ಸುಮಾರು ಎರಡೂಮುಕ್ಕಾಲು ಪಟ್ಟು ಭಾರ. 10 ಅಂಗುಲ ಉದ್ದ, 7 ಅಂಗುಲ ಅಗಲ, 4 ಮಿಲಿಮೀಟರ್ ದಪ್ಪದ ಕಲ್ಲು ಸುಮಾರು 500 ಗ್ರಾಂ ತೂಗುತ್ತದೆ. ಸುತ್ತಲಿನ ಮರದ ಚೌಕಟ್ಟಿನ ತೂಕ ಬೇರೆ. 2010ರಲ್ಲಿ ಬಂದ ಆಪಲ್ ಕಂಪನಿಯ ಮೊದಲ ಐಪ್ಯಾಡ್ ತೂಗುತ್ತಿದ್ದುದು ಸುಮಾರು 680 ಗ್ರಾಂ. 2013ರ ಐಪ್ಯಾಡ್ ಏರ್ 469 ಗ್ರಾಂಗೆ ಇಳಿಯಿತು. ಅಂದರೆ ಅಜ್ಜನ ಪಾಟಿಗೂ ಮೊಮ್ಮಗನ ಪಾಟಿಗೂ ತೂಕದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಕೈಯ ಬಳಲಿಕೆಗೆ ಕಾರಣವನ್ನು ತಕ್ಕಡಿಯಲ್ಲಲ್ಲ, ಬೇರೆ ಕಡೆ ಹುಡುಕಬೇಕು. ಬರಹದ ಚರಿತ್ರೆ ಇದಕ್ಕೆ ಚೆನ್ನಾಗಿ ಉತ್ತರ ಹೇಳುತ್ತದೆ.

ಅಂಗೈಯಿಂದ ತಾಮ್ರದವರೆಗೆ

ಬರಹ ಹುಟ್ಟಿದ ಕಾಲದಲ್ಲೇ ಅದು ಕೈಯ ಅಳತೆಗೆ ಒಗ್ಗಿಕೊಂಡಿತ್ತು. ಐದು ಸಾವಿರ ವರ್ಷಗಳ ಹಿಂದೆ ಮೆಸೊಪೊಟೇಮಿಯಾದಲ್ಲಿ ಹಸಿ ಜೇಡಿಮಣ್ಣಿನ ಹಲಗೆಗಳ ಮೇಲೆ ಲೆಕ್ಕ ಬರೆಯುವುದು ಆರಂಭವಾಯಿತು. ಆ ಹಲಗೆಗಳಲ್ಲಿ ಬಹಳಷ್ಟು ಅಂಗೈಯಲ್ಲಿ ಕೂರುವಷ್ಟೇ ದೊಡ್ಡವು, ದಿಂಬಿನಂತೆ ನಡು ಉಬ್ಬಿದವು. ರೋಮನರು ಮರದ ಹಲಗೆಯಲ್ಲಿ ಮೇಣ ತುಂಬಿ, ಎರಡನ್ನು ಪುಸ್ತಕದಂತೆ ಜೋಡಿಸಿ ಹಿಡಿದರು.

ನಮ್ಮಲ್ಲಿ ಗಟ್ಟಿಯಾದ, ಭಾರವಾದ ಬರಹಕ್ಕೆ ಉದಾಹರಣೆ ಜಾಂಬೋಟಿಯ ತಾಲ್ಲೂಕಿನಲ್ಲೇ ಇದೆ. ಖಾನಾಪುರ ತಾಲ್ಲೂಕಿನ ಹಲಸಿ ಹಿಂದೆ ಕದಂಬರ ಪಲಾಶಿಕಾ. ಅಲ್ಲಿ ದೊರೆತ ತಾಮ್ರಪಟಗಳನ್ನು ಜೆ. ಎಫ್. ಫ್ಲೀಟ್ 1877ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಒಂದು ಐದನೆಯ ಶತಮಾನದ ಕಾಕುಸ್ಥವರ್ಮನದು. ಶ್ರುತಕೀರ್ತಿ ಎಂಬ ಸೇನಾಪತಿಗೆ ಹೊಲವೊಂದನ್ನು ದಾನ ಕೊಟ್ಟ ದಾಖಲೆ. ಇಂಥ ಪಟಗಳನ್ನು ಬಳೆಯಲ್ಲಿ ಪೋಣಿಸಿ ಮುದ್ರೆಯೊತ್ತಿ ಕೊಡುತ್ತಿದ್ದರು. ಇವು ದಿನವೂ ಕೈಯಲ್ಲಿ ಹಿಡಿದು ಓದುವುದಕ್ಕಲ್ಲ, ತಲೆಮಾರುಗಳ ಕಾಲ ಜೋಪಾನ ಮಾಡುವುದಕ್ಕೆ. ಬಾಳಿಕೆ ಬೇಕಾದಲ್ಲಿ ಭಾರವನ್ನು ಸಹಿಸಿದರು. ನಿತ್ಯದ ಬಳಕೆಗೆ ಹಗುರವಾದುದನ್ನೇ ಆರಿಸಿಕೊಂಡರು.

ಆ ಹಗುರವಾದುದು ತಾಳೆಗರಿ. ಗರಿ ಎರಡು ಬೆರಳಗಲ, ಮೂರು ಬೆರಳಗಲದ್ದು, ತೂಕವೆಂಬುದೇ ಇಲ್ಲ. ಲಿಪಿಕಾರ ಎಡಗೈಯಲ್ಲಿ ಗರಿ ಹಿಡಿದು, ಬಲಮುಷ್ಟಿಯಲ್ಲಿ ಕಬ್ಬಿಣದ ಕಂಟ ಹಿಡಿದು, ಎಡಗೈಯ ಹೆಬ್ಬೆರಳಿನಿಂದ ಕಂಟದ ಮೊನೆಗೆ ಆಸರೆ ಕೊಟ್ಟು ಕೊರೆಯುತ್ತಿದ್ದ. ಅಡ್ಡಗೆರೆ ಎಳೆದರೆ ಗರಿ ನಾರಿನ ಗುಂಟ ಸೀಳುತ್ತದೆ. ದಕ್ಷಿಣದ ಲಿಪಿಗಳು ದುಂಡಗಾದದ್ದಕ್ಕೆ ಇದೂ ಒಂದು ಕಾರಣವೆಂದು ಹೇಳುವುದುಂಟು. ಗರಿ ಹಗುರವಾಗಿತ್ತು ನಿಜ. ಆದರೆ ಬರೆಯುವವನಿಗೆ ನೋವು ತಪ್ಪಿರಲಿಲ್ಲ. ಭಾರತದ ಹಲವು ಕಡೆಯ ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಬರೆದಿಡುತ್ತಿದ್ದ ಒಂದು ಸಂಸ್ಕೃತ ಶ್ಲೋಕವಿದೆ. ಬೆನ್ನು, ಸೊಂಟ, ಕತ್ತು ಮುರಿದುಹೋಗುವಂತೆ ಮುಖ ಬಗ್ಗಿಸಿ, ನೋಟ ಕದಲಿಸದೆ ಬರೆದ ಗ್ರಂಥವಿದು, ಓದುವವರು ಇದನ್ನು ಪ್ರಯತ್ನಪಟ್ಟು ಕಾಪಾಡಬೇಕು ಎಂಬುದು ಅದರ ತಾತ್ಪರ್ಯ. ಟ್ಯಾಬ್ಲೆಟ್ ಹಿಡಿದು ಕೂತವರು ಇಂದು ಹೇಳುವ ದೂರಿನ ಪಟ್ಟಿ ಇದಕ್ಕಿಂತ ಬೇರೆಯಲ್ಲ. ಕೈಯಲ್ಲಿದ್ದ ಗರಿಗೆ ತೂಕವೇ ಇಲ್ಲದಿದ್ದರೂ ಈ ನೋವು ಬಂದಿತ್ತೆಂಬುದು ಗಮನಿಸಬೇಕಾದ ಸಂಗತಿ.

ತೊಡೆ, ನೆಲ, ಪೀಠ

ಮಕ್ಕಳಿಗೆ ಕಲಿಸುವಾಗ ಬೇಕಾದದ್ದು ಉಳಿಯುವ ಬರಹವಲ್ಲ, ಅಳಿಸಬಹುದಾದ ಬರಹ. ಅದಕ್ಕೆ ಮೊದಲು ಒದಗಿದ್ದು ನೆಲದ ಮರಳು, ಅನಂತರ ಮರದ ಹಲಗೆ. ಹಲಗೆಯ ಮೇಲೆ ಮಾಡುವ ಲೆಕ್ಕಕ್ಕೆ ಸಂಸ್ಕೃತದಲ್ಲಿ ‘ಪಾಟೀಗಣಿತ’ವೆಂದೇ ಹೆಸರು ಬಂತು, ಶ್ರೀಧರಾಚಾರ್ಯನ ಗ್ರಂಥಕ್ಕೆ ಆ ಹೆಸರಿದೆ. ನಮ್ಮ ‘ಪಾಟಿ’ಗೂ ಆ ಪದಕ್ಕೂ ನಂಟಿದೆ.

ಕರ್ನಾಟಕದ ಹಳೆಯ ಶಾಲೆಗಳಲ್ಲಿ ಇವು ಹೇಗಿದ್ದವೆಂಬುದಕ್ಕೆ ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಮದರಾಸು ಸರಕಾರಕ್ಕೆ ಕಳಿಸಿದ ವರದಿ ಒಳ್ಳೆಯ ಸಾಕ್ಷಿ. ಅವನ ಲೆಕ್ಕದಲ್ಲಿ ಆಗ ಜಿಲ್ಲೆಯಲ್ಲಿದ್ದ ಶಾಲೆಗಳು 533, ಕಲಿಯುವ ಮಕ್ಕಳು 6,641. ಶಾಲೆಗಳ ಪೈಕಿ 235 ಕನ್ನಡದವು. ಸ್ಲೇಟಿನ ಬದಲು ಬಳಸುತ್ತಿದ್ದ ಹಲಗೆಯನ್ನು ಅವನು ವರ್ಣಿಸಿದ್ದಾನೆ: ಸುಮಾರು 1 ಅಡಿ ಅಗಲ, 3 ಅಡಿ ಉದ್ದ, ನುಣುಪು ಮಾಡಿ ಅಕ್ಕಿ ಮತ್ತು ಇದ್ದಿಲ ಪುಡಿ ಬಳಿದದ್ದು. ಮೂರಡಿಯ ಹಲಗೆಯನ್ನು ಯಾವ ಹುಡುಗನೂ ಒಂದು ಕೈಯಲ್ಲಿ ಎತ್ತಿ ಹಿಡಿಯಲಾರ. ಅದಕ್ಕೆ ತೊಡೆಯೋ ನೆಲವೋ ಆಸರೆಯಾಗಲೇಬೇಕು.

ಕ್ಯಾಂಪ್‌ಬೆಲ್ ಹೇಳುವ ಇನ್ನೊಂದು ಸಾಧನ ಕಡತ. ಬಟ್ಟೆಗೆ ಗಂಜಿ ಹಾಕಿ ಬಿಗಿ ಮಾಡಿ, ಇದ್ದಿಲು ಮತ್ತು ಅಂಟು ಬಳಿದು, ಮಡಿಕೆ ಮಡಿಕೆಯಾಗಿ ಮಡಚಿದ ಪುಸ್ತಕವದು. ಬಳಪದಿಂದ ಬರೆಯುವುದು, ಒದ್ದೆ ಬಟ್ಟೆಯಿಂದ ಒರೆಸುವುದು. 1810ರಲ್ಲಿ ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಕೂಡ ಕಡತವನ್ನು ಕಂಡು ಬೆರಗಾಗಿ, 8 ಅಂಗುಲದಿಂದ 1 ಅಡಿ ಅಗಲ, 12ರಿಂದ 18 ಅಡಿ ಉದ್ದ ಎಂದು ಅಳತೆ ಕೊಟ್ಟಿದ್ದಾನೆ. ಹದಿನೆಂಟು ಅಡಿಯ ಬರಹ ಮಡಚಿದರೆ ಕಂಕುಳಲ್ಲಿ ಹಿಡಿಯುವಷ್ಟಾಗುತ್ತಿತ್ತು. ಶ್ಯಾನುಭೋಗ, ವ್ಯಾಪಾರಿ ತಮಗೆ ಬೇಕಾದ ಮಡಿಕೆಯನ್ನಷ್ಟೇ ಬಿಚ್ಚಿಕೊಂಡರೆ ಸಾಕು. ಬಟ್ಟೆಯ ಕಡತ ಹೋಗಿ ಶತಮಾನವೇ ಆದರೂ ಸರಕಾರಿ ಕಚೇರಿಯ ಫೈಲಿಗೆ ನಾವು ಇಂದಿಗೂ ‘ಕಡತ’ವೆನ್ನುತ್ತೇವೆ.

ಕಲ್ಲಿನ ಪಾಟಿ ಶಾಲೆಗಳಿಗೆ ವ್ಯಾಪಕವಾಗಿ ಬಂದದ್ದು ಇದರ ನಂತರ. ಅದರ ಹಿಂದೆಯೂ ಒಂದು ಸ್ವಾರಸ್ಯವಿದೆ. ಮದರಾಸಿನ ಅನಾಥ ಬಾಲಕರ ಶಾಲೆಯನ್ನು ನಡೆಸುತ್ತಿದ್ದ ಆಂಡ್ರೂ ಬೆಲ್, ಮಲಬಾರದ ಮಕ್ಕಳು ಮರಳಿನಲ್ಲಿ ಬೆರಳಾಡಿಸಿ ಅಕ್ಷರ ಕಲಿಯುವುದನ್ನು ಕಂಡು ಆ ಪದ್ಧತಿಯನ್ನು ತನ್ನ ಶಾಲೆಗೆ ತಂದ. ಅದನ್ನು ಕುರಿತು 1797ರಲ್ಲಿ ಇಂಗ್ಲೆಂಡಿನಲ್ಲಿ ಬರೆದು ಪ್ರಕಟಿಸಿದ. ಅಲ್ಲಿ ಬೆಲ್ ಮತ್ತು ಜೋಸೆಫ್ ಲ್ಯಾಂಕಾಸ್ಟರ್ ಹಬ್ಬಿಸಿದ ಅಗ್ಗದ ಶಿಕ್ಷಣ ಪದ್ಧತಿಯಲ್ಲಿ ಮರಳಿನ ಜೊತೆಗೆ ಕಲ್ಲಿನ ಸ್ಲೇಟೂ ಮುಖ್ಯ ಸಾಧನವಾಯಿತು. ಮುಂದೆ ಇಂಗ್ಲಿಷರ ಶಾಲೆಗಳ ಜೊತೆ ಸ್ಲೇಟು ಇಲ್ಲಿಗೆ ಬಂತು. ಆಂಧ್ರದ ಮಾರ್ಕಾಪುರ ಸ್ಲೇಟು ಕಲ್ಲಿಗೆ ಹೆಸರಾಯಿತು. ಮುಂಬಯಿ ಕರ್ನಾಟಕದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದರು. ಶಾಲೆ ಬೆಳೆದಂತೆ ಪಾಟಿಯೂ ಹಬ್ಬಿತು. ಜಾಂಬೋಟಿಯಂಥ ಮಳೆಸೀಮೆಗೆ ಅದು ಹೇಳಿ ಮಾಡಿಸಿದ ವಸ್ತು. ಕಾಗದ ನೆನೆದರೆ ಕೆಟ್ಟಿತು. ಪಾಟಿ ನೆನೆದರೆ ಒರೆಸಿದರಾಯಿತು.

ಆ ಅರ್ಧ ಕಿಲೋ ಕಲ್ಲನ್ನು ಮಗು ಹೇಗೆ ಹಿಡಿಯುತ್ತಿತ್ತು? ಚಕ್ಕಳಮಕ್ಕಳ ಕೂತು ತೊಡೆಯ ಮೇಲಿಟ್ಟು ಬರೆಯುತ್ತಿತ್ತು. ಬರೆದಾದ ಮೇಲೆ ಎದೆಗೊತ್ತಿ ಹಿಡಿದು ಗುರುಗಳ ಬಳಿಗೆ ಹೋಗಿ ತೋರಿಸುತ್ತಿತ್ತು. ಬಂದು ಒರೆಸುತ್ತಿತ್ತು, ಒಣಗಲು ಗಾಳಿಗೆ ಆಡಿಸುತ್ತಿತ್ತು, ಮತ್ತೆ ಕೂರುತ್ತಿತ್ತು. ಪಾಟಿಯಲ್ಲಿ ಹಿಡಿಸುವುದೇ ಹತ್ತು ಸಾಲು. ಆದ್ದರಿಂದ ಕೆಲವು ನಿಮಿಷಕ್ಕೊಮ್ಮೆ ಕೈ, ಕತ್ತು, ಕಣ್ಣು ಮೂರೂ ತಮ್ಮ ಭಂಗಿ ಬದಲಿಸಲೇಬೇಕಿತ್ತು. ಪಾಟಿಯ ಚಿಕ್ಕತನವೇ ಮೈಗೆ ವಿಶ್ರಾಂತಿಯಾಗಿತ್ತು.

ಬಹಳ ಹೊತ್ತು ಓದಬೇಕಾದವರು ಬೇರೆ ಉಪಾಯ ಹುಡುಕಿದ್ದರು. ಪುರಾಣ ಓದುವವರ ಮುಂದಿನ ವ್ಯಾಸಪೀಠವನ್ನು ನೋಡಿದವರಿಗೆ ಇದು ತಿಳಿಯುತ್ತದೆ. ಎರಡು ಹಲಗೆ ಕತ್ತರಿಯಂತೆ ಹೆಣೆದುಕೊಂಡ ಆ ಪೀಠ ಗ್ರಂಥವನ್ನು ಕಣ್ಣಿಗೆ ಅನುಕೂಲವಾದ ಓರೆಯಲ್ಲಿ ಎತ್ತಿ ಹಿಡಿಯುತ್ತದೆ; ಕೈಗಳು ಬಿಡುವಾಗುತ್ತವೆ. ಮುಸ್ಲಿಮರು ಕುರಾನ್ ಇಟ್ಟು ಓದುವ ರೆಹಲ್ ಕೂಡ ಇದೇ ರಚನೆಯದು. ಗ್ರಂಥವನ್ನು ನೆಲದ ಮೇಲಿಡಬಾರದೆಂಬ ಭಕ್ತಿ ಇದರಲ್ಲಿದೆ. ಗಂಟೆಗಟ್ಟಲೆ ಓದುವವನ ತೋಳು ಬೀಳಬಾರದೆಂಬ ವಿವೇಕವೂ ಇದೆ. ವ್ಯಾಸಪೀಠವೆಂದರೆ ಮರಾಠಿಯಲ್ಲಿ ಭಾಷಣದ ವೇದಿಕೆ. ಕನ್ನಡದಲ್ಲಿ ಅದು ಪುಸ್ತಕಕ್ಕೆ ಆಸರೆಯಾಗಿಯೇ ಉಳಿದಿದೆ.

ಸನ್ನೆಗೋಲಿನ ಲೆಕ್ಕ

1972ರಲ್ಲಿ ಅಮೆರಿಕದ ವಿಜ್ಞಾನಿ ಆಲನ್ ಕೇ ಮಕ್ಕಳಿಗಾಗಿ ‘ಡೈನಾಬುಕ್’ ಎಂಬ ಕಂಪ್ಯೂಟರನ್ನು ಕಾಗದದ ಮೇಲೆ ಕಲ್ಪಿಸಿದಾಗ, ಅದು ನೋಟುಪುಸ್ತಕದಷ್ಟೇ ದೊಡ್ಡದಿರಬೇಕು, 4 ಪೌಂಡಿಗಿಂತ ಕಡಿಮೆ ತೂಗಬೇಕು ಎಂದು ಷರತ್ತು ಹಾಕಿದ್ದ. ಈ ಶತಮಾನದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಎಂಜಿನಿಯರರು ಸೇರಿ ರೂಪಿಸಿದ ‘ಸಿಂಪ್ಯೂಟರ್’ ಅಂಗೈಯಲ್ಲಿ ಹಿಡಿದು ಕಡ್ಡಿಯಿಂದ ಬರೆಯುವ ಯಂತ್ರವಾಗಿತ್ತು. ಇಂದಿನ ಟ್ಯಾಬ್ಲೆಟ್ ಕೇ ಹಾಕಿದ ಮಿತಿಯ ಮೂರನೆಯ ಒಂದು ಭಾಗಕ್ಕೂ ಇಳಿದಿದೆ. ಆದರೂ ಕೈ ಸೋಲುವುದೇಕೆ?

ಕಾರಣ ಸನ್ನೆಗೋಲಿನ ನಿಯಮ. 500 ಗ್ರಾಂ ತೂಕದ, 18 ಸೆಂಟಿಮೀಟರ್ ಅಗಲದ ಹಲಗೆಯನ್ನು ಒಂದು ಅಂಚಿನಲ್ಲಿ ಅಡ್ಡವಾಗಿ ಹಿಡಿದಿರೆಂದುಕೊಳ್ಳಿ. ಹೆಬ್ಬೆರಳು ಅಂಚಿನ ಮೇಲಿದೆ, ಉಳಿದ ಬೆರಳುಗಳು ಕೆಳಗೆ 3 ಸೆಂಟಿಮೀಟರ್ ಒಳಗಿವೆ. ಹಲಗೆಯ ಭಾರವೆಲ್ಲ ನಡುವಿನಲ್ಲಿ, ಅಂದರೆ ಬೆರಳುಗಳಿಂದ ಇನ್ನೂ 6 ಸೆಂಟಿಮೀಟರ್ ಆಚೆ ತೂಗುತ್ತದೆ. ಅದು ಕೆಳಗೆ ವಾಲದಂತೆ ಹೆಬ್ಬೆರಳು 1 ಕಿಲೋ ತೂಕದಷ್ಟು ಬಲದಿಂದ ಒತ್ತಬೇಕು. ಕೆಳಗಿನ ಬೆರಳುಗಳು ಒಂದೂವರೆ ಕಿಲೋ ಹೊರಬೇಕು. ಕೊಂಡದ್ದು ಅರ್ಧ ಕಿಲೋ, ಬೆರಳು ಹೊತ್ತದ್ದು ಅದರ ಮೂರು ಪಟ್ಟು! ಅದೂ ಅಲುಗಾಡದೆ. ಸ್ನಾಯು ಬಿಗಿದು ಹಾಗೆಯೇ ನಿಂತಾಗ ಅದರೊಳಗಿನ ರಕ್ತದ ಹರಿವು ತಗ್ಗುತ್ತದೆ, ಬಳಲಿಕೆ ಬೇಗ ಬರುತ್ತದೆ. ಕೊಡ ಹೊತ್ತು ನಡೆಯುವುದಕ್ಕಿಂತ ಕೊಡ ಹಿಡಿದು ಸುಮ್ಮನೆ ನಿಲ್ಲುವುದು ಕಷ್ಟವೆಂದು ನೀರು ತರುವವರಿಗೆ ಗೊತ್ತು.

ಕತ್ತಿನದೂ ಇದೇ ಕಥೆ. ತಲೆಯ ತೂಕ ಸುಮಾರು 5 ಕಿಲೋ. ಅದು 60 ಡಿಗ್ರಿಯಷ್ಟು ಮುಂದೆ ಬಾಗಿದರೆ ಕುತ್ತಿಗೆಯ ಮೂಳೆಗಳ ಮೇಲೆ ಬೀಳುವ ಭಾರ 27 ಕಿಲೋವರೆಗೆ ಏರುತ್ತದೆಂದು ನ್ಯೂಯಾರ್ಕಿನ ಬೆನ್ನುಮೂಳೆ ತಜ್ಞ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅದಕ್ಕೆ ಎರಡು ವರ್ಷ ಮೊದಲು ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು, ಟ್ಯಾಬ್ಲೆಟನ್ನು ತೊಡೆಯ ಮೇಲೆ ಹಿಡಿಯುವುದಕ್ಕಿಂತ ಮೇಜಿನ ಮೇಲೆ ಆಸರೆ ಕೊಟ್ಟು ನೆಟ್ಟಗೆ ನಿಲ್ಲಿಸಿದರೆ ಕತ್ತು ಕಡಿಮೆ ಬಾಗುತ್ತದೆಂದು ಅಳೆದು ಹೇಳಿದ್ದರು. ಅವರು ಸೂಚಿಸಿದ್ದು ಬೇರೇನೂ ಅಲ್ಲ, ಇನ್ನೊಂದು ಬಗೆಯ ವ್ಯಾಸಪೀಠ.

ತೂಕವಲ್ಲ, ಹೊತ್ತು

ದೊಡ್ಡವರ ಕೈಗೆ ಅರ್ಧ ಕಿಲೋ ಸಣ್ಣ ಮಾತು. ಆರು ವರ್ಷದ ಮಗುವಿನ ಬೆರಳಿಗೆ ಹಾಗಲ್ಲ. ಮಕ್ಕಳ ಬೆನ್ನಿನ ಭಾರದ ಬಗ್ಗೆ ಸರಕಾರ ಯೋಚಿಸಿದ್ದುಂಟು: 2019ರಲ್ಲಿ ಕರ್ನಾಟಕದ ಶಿಕ್ಷಣ ಇಲಾಖೆ ಒಂದು, ಎರಡನೆಯ ತರಗತಿಯ ಪಾಟಿಚೀಲ 2 ಕಿಲೋ ಮೀರಬಾರದು, ಒಂಬತ್ತು, ಹತ್ತನೆಯ ತರಗತಿಯದು 5 ಕಿಲೋ ಮೀರಬಾರದು ಎಂದು ಸುತ್ತೋಲೆ ಹೊರಡಿಸಿತು. ಮರುವರ್ಷವೇ ಕೊರೊನಾ ಬಂದು ಶಾಲೆ ಮುಚ್ಚಿ, ಪಾಠವೆಲ್ಲ ಮೊಬೈಲು, ಟ್ಯಾಬ್ಲೆಟ್‌ಗಳಿಗೆ ಇಳಿಯಿತು. ಬೆನ್ನಿನ ಚೀಲ ಹಗುರವಾಯಿತು. ಭಾರ ಬೆರಳಿಗೂ ಕತ್ತಿಗೂ ವರ್ಗವಾಯಿತು. ಚೀಲದ ಭಾರ ಶಾಲೆ ಮುಟ್ಟುವವರೆಗೆ. ಕೈಯ ಪಾಟಿಯದು ಅದನ್ನು ಕೆಳಗಿಡುವವರೆಗೆ.

ಕಲ್ಲಿನ ಪಾಟಿ ಹತ್ತು ಸಾಲಿಗೆ ತುಂಬುತ್ತಿತ್ತು, ಒರೆಸುವುದಕ್ಕೆ ಏಳಿಸುತ್ತಿತ್ತು. ಗಾಜಿನ ಪಾಟಿ ತುಂಬುವುದೇ ಇಲ್ಲ. ಒಂದು ಮುಗಿಯುವ ಮೊದಲೇ ಇನ್ನೊಂದು ತೆರೆದುಕೊಳ್ಳುತ್ತದೆ. ಎದ್ದು ಹೋಗುವ ನೆವವನ್ನೇ ಅದು ಕೊಡುವುದಿಲ್ಲವಾದ್ದರಿಂದ ಆ ನೆವವನ್ನು ಮನೆಯ ಹಿರಿಯರೇ ಮಾಡಿಕೊಡಬೇಕು. ಇದಕ್ಕೆ ಬೆಲೆಬಾಳುವ ಸಾಮಾನು ಬೇಕಿಲ್ಲ. ಮೂಲೆಯಲ್ಲಿ ಧೂಳು ತಿನ್ನುತ್ತಿರುವ ವ್ಯಾಸಪೀಠ, ಒಂದು ದಿಂಬು, ಗೋಡೆಗೆ ಒರಗಿಸಿದ ಮಣೆ, ಯಾವುದಾದರೂ ಸಾಕು. ಹಲಗೆಯನ್ನು ಅದು ಹಿಡಿಯಲಿ, ಕೈ ಬಿಡುವಾಗಲಿ. ಅರ್ಧ ತಾಸಿಗೊಮ್ಮೆ ಮಗುವನ್ನು ಕರೆದು, ‘ಏನು ಓದಿದಿ, ತೋರಿಸು ಬಾ’ ಎಂದರೆ ಪಾಟಿಯ ಕಾಲದ ಗುರುಗಳು ಮಾಡುತ್ತಿದ್ದುದನ್ನೇ ಮಾಡಿದಂತಾಯಿತು.