ಡಿಬಗರ್‌ನ ಫಾಲ್ಟ್ ಮತ್ತು ಸಿಗ್ನಲ್ ಪರೀಕ್ಷೆ

ಡಿಬಗರ್‌ನ ಫಾಲ್ಟ್ ಮತ್ತು ಸಿಗ್ನಲ್ ಪರೀಕ್ಷೆಯು ತಂತ್ರಾಂಶ ಪರೀಕ್ಷೆಯ ಒಂದು ವಿಧ. ಓಡುತ್ತಿರುವ ಪ್ರೋಗ್ರಾಂನಲ್ಲಿ ಪ್ರೊಸೆಸರ್ ಫಾಲ್ಟ್ ಉಂಟಾದಾಗ ಅಥವಾ ಅದಕ್ಕೆ ಸಿಗ್ನಲ್ ಬಂದಾಗ, ಡಿಬಗರ್ ಅದನ್ನು ಸರಿಯಾಗಿ ಗುರುತಿಸಿ ವರದಿ ಮಾಡುತ್ತದೆಯೇ ಎಂಬುದನ್ನು ಇದು ಪರಿಶೀಲಿಸುತ್ತದೆ. ತಪ್ಪು ಹುಡುಕುವ ಸಾಧನವೇ ತಪ್ಪು ಹೇಳಿದರೆ ಪ್ರೋಗ್ರಾಮರ್ ಸರಿಯಿರುವ ಸಾಲನ್ನು ತಿದ್ದಲು ಹೊರಡುತ್ತಾನೆ. ಆದ್ದರಿಂದ ಈ ಪರೀಕ್ಷೆಗೆ ಮಹತ್ವವಿದೆ. ಈ ಲೇಖನವು ಮುಖ್ಯವಾಗಿ ಲಿನಕ್ಸ್ ಮತ್ತು ಜಿಡಿಬಿ ಡಿಬಗರನ್ನು ಆಧರಿಸಿದೆ.

ಹಿನ್ನೆಲೆ

ಜಿಡಿಬಿಯನ್ನು ರಿಚರ್ಡ್ ಸ್ಟಾಲ್ಮನ್ 1986ರಲ್ಲಿ ಗ್ನೂ ಯೋಜನೆಗಾಗಿ ರಚಿಸಿದರು. ಕರ್ನಾಟಕದ ತಾಂತ್ರಿಕ ಶಿಕ್ಷಣದಲ್ಲಿಯೂ ಸಿಗ್ನಲ್‌ಗಳ ಅಧ್ಯಯನಕ್ಕೆ ಸ್ಥಾನವಿದೆ. 1998ರಲ್ಲಿ ಸ್ಥಾಪನೆಯಾದ, ಬೆಳಗಾವಿಯ ಜ್ಞಾನ ಸಂಗಮದಲ್ಲಿ ಕೇಂದ್ರ ಕಚೇರಿ ಹೊಂದಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ, ‘ಯುನಿಕ್ಸ್ ಪ್ರೋಗ್ರಾಮಿಂಗ್’ ವಿಷಯದ ಕೊನೆಯ ಘಟಕವು ಸಿಗ್ನಲ್‌ಗಳು ಮತ್ತು ಡೀಮನ್ ಪ್ರಕ್ರಿಯೆಗಳನ್ನು ಕುರಿತದ್ದಾಗಿದೆ.

ಫಾಲ್ಟ್‌ನಿಂದ ಸಿಗ್ನಲ್‌ವರೆಗೆ

ಆದೇಶವೊಂದನ್ನು ಪೂರೈಸಲು ಸಾಧ್ಯವಾಗದಿದ್ದಾಗ ಪ್ರೊಸೆಸರ್ ನಿಯಂತ್ರಣವನ್ನು ಕರ್ನಲ್‌ಗೆ ಒಪ್ಪಿಸುತ್ತದೆ. ಕರ್ನಲ್ ತಾನೇ ಅದನ್ನು ಸರಿಪಡಿಸಲಾಗದಿದ್ದರೆ ಪ್ರೋಗ್ರಾಂಗೆ ಸಿಗ್ನಲ್ ಕಳುಹಿಸುತ್ತದೆ. ಎಕ್ಸ್86 ಪ್ರೊಸೆಸರ್‌ಗಳಲ್ಲಿ ಲಿನಕ್ಸ್ ಅನುಸರಿಸುವ ಮುಖ್ಯ ಹೊಂದಾಣಿಕೆಗಳು ಹೀಗಿವೆ:

• ಪೂರ್ಣಾಂಕವನ್ನು ಸೊನ್ನೆಯಿಂದ ಭಾಗಿಸುವುದು (ಫಾಲ್ಟ್ 0): ಸಿಗ್‌ಎಫ್‌ಪಿಇ
• ಬ್ರೇಕ್‌ಪಾಯಿಂಟ್ ಆದೇಶ (3): ಸಿಗ್‌ಟ್ರ್ಯಾಪ್
• ಅಮಾನ್ಯ ಆದೇಶ (6): ಸಿಗ್‌ಇಲ್
• ಅನುಮತಿಯಿಲ್ಲದ ವಿಳಾಸವನ್ನು ಮುಟ್ಟಿದಾಗ ಪೇಜ್ ಫಾಲ್ಟ್ (14): ಸಿಗ್‌ಸೆಗ್‌ವಿ
• ಮೆಮೊರಿಗೆ ಜೋಡಿಸಿದ ಕಡತದ ಅಂತ್ಯದಾಚೆಯ ಪುಟವನ್ನು ಓದಿದಾಗ ಪೇಜ್ ಫಾಲ್ಟ್ (14): ಸಿಗ್‌ಬಸ್

ಡಿಬಗರ್ ‘ಪಿಟ್ರೇಸ್’ ಎಂಬ ಸಿಸ್ಟಂ ಕರೆಯ ಮೂಲಕ ಪ್ರೋಗ್ರಾಂ ಅನ್ನು ಗಮನಿಸುತ್ತಿರುವಾಗ, ಸಿಗ್ನಲ್ ಪ್ರೋಗ್ರಾಂಗೆ ತಲುಪುವ ಮೊದಲೇ ಕರ್ನಲ್ ಅದನ್ನು ತಡೆದು ಡಿಬಗರ್‌ಗೆ ತಿಳಿಸುತ್ತದೆ. ಸಿಗ್‌ಕಿಲ್ ಮಾತ್ರ ಇದಕ್ಕೆ ಅಪವಾದ. ಅದನ್ನು ಹೀಗೆ ತಡೆಯಲಾಗದು.

ಪರೀಕ್ಷಿಸುವ ಅಂಶಗಳು

ಪರೀಕ್ಷೆಗಾಗಿ ಬೇಕೆಂದೇ ಫಾಲ್ಟ್ ಉಂಟುಮಾಡುವ ಸಣ್ಣ ಪ್ರೋಗ್ರಾಂಗಳನ್ನು ಬರೆಯಲಾಗುತ್ತದೆ. ಸರಿಯಾದ ಉತ್ತರ ಮೊದಲೇ ತಿಳಿದಿರುವುದರಿಂದ ಡಿಬಗರ್‌ನ ವರದಿಯನ್ನು ಅದರೊಡನೆ ಹೋಲಿಸಬಹುದು.

ಸ್ಥಾನ: ಪೇಜ್ ಫಾಲ್ಟ್‌ನಲ್ಲಿ ಪ್ರೋಗ್ರಾಂ ಕೌಂಟರ್ ವಿಫಲವಾದ ಆದೇಶವನ್ನೇ ತೋರಿಸಬೇಕು. ಬ್ರೇಕ್‌ಪಾಯಿಂಟ್ ಆದೇಶದ ನಂತರ ಅದು ಒಂದು ಬೈಟ್ ಮುಂದಿರುತ್ತದೆ. ಆ ಆದೇಶವನ್ನು ಡಿಬಗರ್ ತಾನೇ ಇರಿಸಿದ್ದರೆ ಕೌಂಟರನ್ನು ಒಂದು ಬೈಟ್ ಹಿಂದಕ್ಕೆ ಸರಿಸಬೇಕು. ಅದು ಪ್ರೋಗ್ರಾಂನ ಮೂಲದಲ್ಲಿಯೇ ಇದ್ದರೆ ಸರಿಸಬಾರದು. ಎರಡೂ ಸಂದರ್ಭಗಳಲ್ಲಿ ಬರುವುದು ಸಿಗ್‌ಟ್ರ್ಯಾಪ್ ಆದ್ದರಿಂದ ಎರಡನ್ನೂ ಪ್ರತ್ಯೇಕವಾಗಿ ಪರೀಕ್ಷಿಸುವುದು ಅಗತ್ಯ.

ಕಾರಣ: ಸಿಗ್‌ಸೆಗ್‌ವಿ ನಿಜವಾದ ಫಾಲ್ಟ್‌ನಿಂದ ಬರಬಹುದು, ಬೇರೊಂದು ಪ್ರಕ್ರಿಯೆ ‘ಕಿಲ್’ ಕರೆಯಿಂದ ಕಳುಹಿಸಿದ್ದರಿಂದಲೂ ಬರಬಹುದು. ಸಿಗ್ನಲ್‌ನೊಡನೆ ಬರುವ ಮಾಹಿತಿಯಲ್ಲಿನ ಕಾರಣ ಸಂಕೇತವು ಈ ವ್ಯತ್ಯಾಸವನ್ನು ತಿಳಿಸುತ್ತದೆ. 64 ಬಿಟ್ ಎಕ್ಸ್86ರಲ್ಲಿ ವಿಳಾಸದ ರೂಪವೇ ಅಮಾನ್ಯವಾಗಿದ್ದರೆ ಸಾಮಾನ್ಯವಾಗಿ ಪೇಜ್ ಫಾಲ್ಟ್‌ನ ಬದಲು ಸಂರಕ್ಷಣಾ ಫಾಲ್ಟ್ (13) ಉಂಟಾಗುತ್ತದೆ. ಆಗ ಲಿನಕ್ಸ್ ವಿಳಾಸದ ಜಾಗದಲ್ಲಿ ಸೊನ್ನೆಯನ್ನು ನೀಡುತ್ತದೆ. ಪ್ರೋಗ್ರಾಂ ಸೊನ್ನೆಯ ವಿಳಾಸವನ್ನು ಮುಟ್ಟಿತೆಂದು ಡಿಬಗರ್ ಇದರಿಂದ ತೀರ್ಮಾನಿಸಬಾರದು.

ಮುಂದುವರಿಕೆ: ಸಿಗ್ನಲ್ ಬಂದಾಗ ನಿಲ್ಲಬೇಕೇ, ತಿಳಿಸಬೇಕೇ, ಪ್ರೋಗ್ರಾಂಗೆ ದಾಟಿಸಬೇಕೇ ಎಂಬುದನ್ನು ಜಿಡಿಬಿಯಲ್ಲಿ ‘ಹ್ಯಾಂಡಲ್’ ಆದೇಶ ನಿರ್ಧರಿಸುತ್ತದೆ. ಬೇರೆ ಸೂಚನೆಯಿಲ್ಲದಿದ್ದರೆ ಸಿಗ್‌ಸೆಗ್‌ವಿ ಬಂದಾಗ ಜಿಡಿಬಿ ನಿಲ್ಲುತ್ತದೆ ಹಾಗೂ ಮುಂದುವರಿಸಿದಾಗ ಸಿಗ್ನಲನ್ನು ಪ್ರೋಗ್ರಾಂಗೆ ದಾಟಿಸುತ್ತದೆ. ಸಿಗ್‌ಇಂಟ್ ಅನ್ನು ದಾಟಿಸುವುದಿಲ್ಲ. ಸಿಗ್‌ಅಲಾರ್ಮ್ ಬಂದರೆ ನಿಲ್ಲದೆ ದಾಟಿಸುತ್ತದೆ. ‘ಸಿಗ್ನಲ್ 0’ ಎಂದು ಆದೇಶಿಸಿದರೆ ಸಿಗ್ನಲನ್ನು ಕೈಬಿಟ್ಟು ಪ್ರೋಗ್ರಾಂ ಮುಂದುವರಿಯುತ್ತದೆ. ಫಾಲ್ಟ್‌ಗೆ ಕಾರಣವಾದ ಸ್ಥಿತಿಯನ್ನು ತಿದ್ದದೆ ಹೀಗೆ ಮಾಡಿದರೆ ಅದೇ ಆದೇಶ ಮತ್ತೆ ವಿಫಲವಾಗಬೇಕು. ರೆಜಿಸ್ಟರ್ ಮೌಲ್ಯವನ್ನು ತಿದ್ದಿದ ನಂತರ ಸಫಲವಾಗಬೇಕು. ಡಿಬಗರ್ ಪ್ರೋಗ್ರಾಂನ ಸ್ಥಿತಿಯನ್ನು ಕೆಡಿಸಿಲ್ಲವೆಂಬುದಕ್ಕೆ ಇದು ಉತ್ತಮ ಪುರಾವೆ.

ಸ್ವಯಂಚಾಲಿತ ಪರೀಕ್ಷೆ

ಜಿಡಿಬಿಯ ಪರೀಕ್ಷಾ ಸಂಗ್ರಹವು ಡೆಜಾಗ್ನೂ ಎಂಬ ಚೌಕಟ್ಟನ್ನು ಬಳಸುತ್ತದೆ. ಟಿಕಲ್ ಭಾಷೆಯಲ್ಲಿ ಬರೆದ ಕಡತಗಳು ಡಿಬಗರ್‌ಗೆ ಆದೇಶ ನೀಡಿ, ಬಂದ ಉತ್ತರವನ್ನು ನಿರೀಕ್ಷಿತ ಮಾದರಿಯೊಡನೆ ಹೋಲಿಸಿ ‘ಪಾಸ್’ ಅಥವಾ ‘ಫೇಲ್’ ಎಂದು ದಾಖಲಿಸುತ್ತವೆ. ಸಂಗ್ರಹದಲ್ಲಿನ ‘ಸಿಗ್‌ಆಲ್’ ಪರೀಕ್ಷೆಯು ಸಿಗ್ನಲ್‌ಗಳನ್ನು ಒಂದೊಂದಾಗಿ ಪರಿಶೀಲಿಸುತ್ತದೆ.

ಮಿತಿಗಳು

ಒಂದು ಪ್ರೊಸೆಸರ್‌ಗೆ ಬರೆದ ಪರೀಕ್ಷೆ ಇನ್ನೊಂದಕ್ಕೆ ಹೊಂದದಿರಬಹುದು. ಪೂರ್ಣಾಂಕವನ್ನು ಸೊನ್ನೆಯಿಂದ ಭಾಗಿಸಿದಾಗ 64 ಬಿಟ್ ಆರ್ಮ್ ಪ್ರೊಸೆಸರ್ ಸೊನ್ನೆಯನ್ನೂ ರಿಸ್ಕ್-ಫೈವ್ ಎಲ್ಲ ಬಿಟ್‌ಗಳೂ 1 ಆಗಿರುವ ಭಾಗಲಬ್ಧವನ್ನೂ ಕೊಡುತ್ತದೆ. ಎರಡರಲ್ಲಿಯೂ ಫಾಲ್ಟ್ ಉಂಟಾಗುವುದಿಲ್ಲ. ಅಲ್ಲಿ ಸಿಗ್‌ಎಫ್‌ಪಿಇಯನ್ನು ನಿರೀಕ್ಷಿಸುವ ಪರೀಕ್ಷೆ ವಿಫಲವಾದರೆ ದೋಷ ಡಿಬಗರ್‌ನದಲ್ಲ, ಪರೀಕ್ಷೆಯದು.