ಆವಾಹಿತರ ಊಳಿಗ

ಅಮಾನುಷ ಸತ್ತ್ವಗಳನ್ನು ಕರೆತಂದು ಊಳಿಗಕ್ಕೆ ಹಚ್ಚುವ ಕಥೆಗಳು ಬಹು ಪುರಾತನವಾದುವು. ಸುಲೈಮಾನ್ ದೊರೆಯು ದೈವಾನುಗ್ರಹದಿಂದ ಜಿನ್ನರನ್ನು ಕಟ್ಟಡದ ಕೆಲಸದಲ್ಲಿ ತೊಡಗಿಸಿದನೆಂದು ಕುರಾನಿನಲ್ಲಿ ಹೇಳಿದೆ. ದೊರೆಯು ಕಾಲವಾದುದನ್ನು ಅರಿಯದೆ ಜಿನ್ನರು ದುಡಿಯುತ್ತಲೇ ಇದ್ದರು. ಹುಳುವು ಊರುಗೋಲನ್ನು ತಿಂದು ದೇಹವು ಉರುಳಿದಾಗಲೇ ಅವರಿಗೆ ನಿಜವು ತಿಳಿಯಿತು. ಒಡೆಯನ ಮಹಿಮೆಯನ್ನು ಸಾರುವ ಕಥೆಯೇ ದುಡಿದವರ ಸಂಕಟವನ್ನೂ ಮರೆಯಲಿಲ್ಲವೆಂಬುದು ಗಮನಾರ್ಹವಾದುದು.

ಇದೇ ಪ್ರಶ್ನೆಯು 20ನೆಯ ಶತಮಾನದಲ್ಲಿ ಆಟವೊಂದರೊಳಗೆ ಮರಳಿ ತಲೆಯೆತ್ತಿತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಪ್ರಕಟವಾಯಿತು. ಸೂತ್ರಧಾರನೊಬ್ಬನು ವರ್ಣಿಸುವ ಕಲ್ಪಿತಲೋಕದಲ್ಲಿ ಆಟಗಾರರು ಯೋಧ, ಮಾಂತ್ರಿಕ ಮೊದಲಾದ ಪಾತ್ರಗಳನ್ನು ವಹಿಸಿ ನಡೆಯುವುದೇ ಈ ಆಟದ ರೀತಿ. 1978ರ ಕೈಪಿಡಿಯಲ್ಲಿ ಮಣ್ಣು, ನೀರು, ಬೆಂಕಿ, ಗಾಳಿಗಳ ಭೂತಗಳನ್ನು ಆವಾಹಿಸುವ ಮಂತ್ರವುಂಟು. ಮಾಂತ್ರಿಕನ ಏಕಾಗ್ರತೆಯು ಕದಡಿದೊಡನೆ ಭೂತವು ಅವನ ಮೇಲೆಯೇ ತಿರುಗಿಬೀಳುವುದು. ಈ ನಿಯಮವು ನೀತಿಬೋಧೆಯಲ್ಲ, ಅಪಾಯದ ಎಚ್ಚರಿಕೆ ಮಾತ್ರ. ಆದರೂ, ತಿರುಗಿಬೀಳುವುದಕ್ಕೆ ಸ್ವಂತ ಇಚ್ಛೆಯು ಬೇಕಲ್ಲವೆ? ಆವಾಹಿತನಿಗೆ ಅದುಂಟೆಂಬುದನ್ನು ನಿಯಮವೇ ಒಪ್ಪಿಕೊಂಡಂತಾಯಿತು.

2003ರ ಪರಿಷ್ಕೃತ ನಿಯಮಗಳಲ್ಲಿ ಈ ವಿಚಾರವು ಇನ್ನಷ್ಟು ಸೂಕ್ಷ್ಮವಾಯಿತು. ಒಂದು ಬಗೆಯ ಆವಾಹನೆಯಲ್ಲಿ ಬಂದ ಜೀವಿಯು ಹತವಾದರೂ ನಿಜವಾಗಿ ಸಾಯದು. 24 ಗಂಟೆಗಳಲ್ಲಿ ಮರಳಿ ರೂಪುಗೊಳ್ಳುವುದು. ಇನ್ನೊಂದು ಬಗೆಯಲ್ಲಿ ಅದು ಪ್ರತ್ಯಕ್ಷವಾಗಿಯೇ ಬರುವುದು. ಸತ್ತರೆ ಸಾವು ನಿಜವೇ. ಹಾಗೆಯೇ, ಒಂದು ಮಂತ್ರದಿಂದ ಬಂದವನೊಡನೆ ಕಾರ್ಯಕ್ಕೆ ತಕ್ಕ ಸಂಭಾವನೆಯನ್ನು ಗೊತ್ತುಮಾಡಿಕೊಳ್ಳಬೇಕು. ಮತ್ತೊಂದರಿಂದ ಬಂದವನನ್ನು ಬಲೆಯಲ್ಲಿ ಸಿಕ್ಕಿಸಿ ಊಳಿಗಕ್ಕೆ ಕಟ್ಟಿಹಾಕಬಹುದು. ಕೂಲಿಗೂ ಜೀತಕ್ಕೂ ಇರುವ ಅಂತರವು ಇಲ್ಲಿ ಲೆಕ್ಕದ ಪಟ್ಟಿಯಲ್ಲಿಯೇ ಗೋಚರಿಸುವುದು.

ಕಲ್ಪಿತ ಜೀವಿಗೆ ನೋವೆಲ್ಲಿಯದು ಎಂದು ಕೆಲವರು ಆಕ್ಷೇಪಿಸಬಹುದು. ನೋವಿಲ್ಲವೆಂಬುದು ದಿಟ. ಆದರೆ ಆಜ್ಞೆಯನ್ನು ಕೊಡುವವನು ಕಲ್ಪಿತನಲ್ಲ. ಮಾತು ಬಲ್ಲ, ಭಯವನ್ನರಿತ ಪಾತ್ರವೊಂದನ್ನು ಗುರಾಣಿಯಂತೆ ಮುಂದೊಡ್ಡುವಾಗ ಅವನು ಅನುಮತಿಯನ್ನು ಕೇಳಿದನೋ, ಪ್ರತಿಫಲವನ್ನಿತ್ತನೋ, ಬಿಡುಗಡೆಯ ಗಡುವನ್ನು ಹೇಳಿದನೋ ಎಂಬುದು ಅವನದೇ ನಡತೆಗೆ ಸೇರಿದ ಮಾತು.

2020ರಲ್ಲಿ ಹೊರಬಂದ ಪುರವಣಿ ಗ್ರಂಥವೊಂದು ಹೊಸ ಮಾರ್ಗವನ್ನು ಹಿಡಿಯಿತು. ಅದರ ಆವಾಹನಮಂತ್ರಗಳಿಂದ ಮೈದೋರುವ ಚೇತನವು ಹೇಳಿದಂತೆ ಕೇಳುವುದು. ಮಾಂತ್ರಿಕನ ಏಕಾಗ್ರತೆಯು ಕೆಟ್ಟರೆ ತಿರುಗಿಬೀಳದೆ ಸುಮ್ಮನೆ ಮಾಯವಾಗುವುದು. ಆಟವು ಸುಗಮವಾಯಿತು, ನಿಜ. ಆದರೆ ಒಲ್ಲೆನೆನ್ನಲಾರದ ಸೇವಕನನ್ನು ಕಲ್ಪಿಸಿದ ಮಾತ್ರಕ್ಕೆ ಪ್ರಶ್ನೆಯು ಪರಿಹಾರವಾಗದು. ಕೇಳುವವರಿಲ್ಲದೆ ಮೌನವಾಗುವುದು, ಅಷ್ಟೆ. ಕಟ್ಟಿಹಾಕುವ ಹಳೆಯ ಮಂತ್ರವಾದರೋ 2024ರ ಕೈಪಿಡಿಯಲ್ಲಿಯೂ ಉಳಿದೇ ಇದೆ.

ಈ ದೃಷ್ಟಿಯಿಂದ ನೋಡಿದರೆ, ತಿರುಗಿಬೀಳುತ್ತಿದ್ದ 1978ರ ಭೂತವೇ ಹೆಚ್ಚಿನ ಉಪಕಾರವನ್ನು ಮಾಡಿತೆನ್ನಬೇಕು. ಕರೆಯುವುದಕ್ಕೆ ಮುನ್ನ ಯೋಚಿಸೆಂದು ಅದು ಕರೆಯುವವನಿಗೆ ನೆನಪಿಸುತ್ತಿತ್ತು. ಸುಲೈಮಾನನ ಜಿನ್ನರಿಗೆ ಅಂಥ ಅವಕಾಶವಿರಲಿಲ್ಲ. ಹುಳುವೊಂದು ಕೋಲನ್ನು ತಿಂದು ಮುಗಿಸುವವರೆಗೆ ಅವರು ಕಾಯಬೇಕಾಯಿತು.